ಭೂಕಾಂತೀಯ ಬಿರುಗಾಳಿ ಮತ್ತು ಜಮೀನಿನ ಹದ್ದುಬಸ್ತು

ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲೂಕುಗಳಲ್ಲಿ ಗೋದಾಮು, ಜಿನ್ನಿಂಗ್ ಘಟಕ ಅಥವಾ ನಿವೇಶನಗಳಿಗಾಗಿ ಜಮೀನು ಕೊಳ್ಳುವವರು ಮೊದಲು ಹದ್ದುಬಸ್ತು ಮಾಡಿಸುವುದು ರೂಢಿ. ಹಿಂದೆ ಸರಪಳಿಯಿಂದ ನಡೆಯುತ್ತಿದ್ದ ಅಳತೆಗೆ ಈಗ ಉಪಗ್ರಹ ಸಂಕೇತಗಳನ್ನು ಆಧರಿಸಿದ ರೋವರ್ ಉಪಕರಣಗಳು ಬಳಕೆಗೆ ಬರುತ್ತಿವೆ. ಈ ಸಂಕೇತಗಳಿಗೆ ಸೂರ್ಯನಿಂದಲೂ ಅಡಚಣೆ ಉಂಟಾಗುತ್ತದೆ ಎಂಬುದನ್ನು ಉದ್ಯಮಿಗಳು ಅರಿತಿರುವುದು ಒಳಿತು.

ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿವೆ. ಅವುಗಳ ಸಂಕೇತವು ಅಯಾನುಗೋಳವನ್ನು ಹಾದು ಬರಬೇಕು. ಸೂರ್ಯನ ಕಿರಣಗಳಿಂದ ಬಿಡುಗಡೆಗೊಂಡ ಎಲೆಕ್ಟ್ರಾನುಗಳು ತುಂಬಿರುವ ಈ ಪದರದಲ್ಲಿ ಸಂಕೇತ ವಿಳಂಬಗೊಳ್ಳುತ್ತದೆ. ಭೂಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುತ್ತದೆ. ಹಗಲಿನಲ್ಲಿ ಅಲ್ಲಿನ ವಿದ್ಯುತ್ ಕ್ಷೇತ್ರವು ಎಲೆಕ್ಟ್ರಾನುಗಳನ್ನು ಮೇಲಕ್ಕೆತ್ತುತ್ತದೆ. ಅವು ಕಾರಂಜಿಯಂತೆ ಉತ್ತರ ಮತ್ತು ದಕ್ಷಿಣಕ್ಕೆ ಇಳಿಯುತ್ತವೆ. ಸುಮಾರು 15.5ರಿಂದ 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಈ ನಾಲ್ಕು ತಾಲೂಕುಗಳು ಕಾರಂಜಿಯ ಹರವಿನೊಳಗೇ ಇವೆ.

ಸೌರಮಾರುತದ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿ ಭೂಮಿಯ ಕಾಂತಕ್ಷೇತ್ರದೊಡನೆ ಬೆಸೆದಾಗ ಭೂಕಾಂತೀಯ ಬಿರುಗಾಳಿ ಏಳುತ್ತದೆ. ಇದರ ಪ್ರಭಾವ ಎರಡು ಹಂತಗಳಲ್ಲಿ ಇಲ್ಲಿಗೆ ತಲುಪುತ್ತದೆ. ಮೊದಲನೆಯದಾಗಿ, ಧ್ರುವ ಪ್ರದೇಶದ ವಿದ್ಯುತ್ ಕ್ಷೇತ್ರ ಕೆಲವೇ ನಿಮಿಷಗಳಲ್ಲಿ ಸಮಭಾಜಕದವರೆಗೆ ಹಬ್ಬಿ, ಹಗಲಿನಲ್ಲಾದರೆ ಕಾರಂಜಿಯನ್ನು ಬಲಪಡಿಸುತ್ತದೆ. ಎರಡನೆಯದಾಗಿ, ಧ್ರುವಗಳ ಬಳಿ ಕಾದ ವಾಯುಮಂಡಲದ ಗಾಳಿ ಹಲವು ಗಂಟೆಗಳ ನಂತರ ವಿರುದ್ಧ ಪರಿಣಾಮ ಬೀರಿ ಅದನ್ನು ಕುಗ್ಗಿಸುತ್ತದೆ. ಆದ್ದರಿಂದ ಬಿರುಗಾಳಿಯ ಮರುದಿನವೂ ಆಕಾಶ ಸಹಜಸ್ಥಿತಿಗೆ ಬಂದಿರುವುದಿಲ್ಲ.

1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಇಂತಹ ಬಿರುಗಾಳಿಯಿಂದ ಸುಮಾರು 9 ಗಂಟೆ ವಿದ್ಯುತ್ ಸ್ಥಗಿತಗೊಂಡಿತ್ತು. ನಮ್ಮ ಅಕ್ಷಾಂಶದಲ್ಲಿ ಆ ಭಯ ಕಡಿಮೆ. ಇಲ್ಲಿನ ಮುಖ್ಯ ತೊಡಕು ಸಂಕೇತಗಳದು. 2024ರ ಮೇ 10-11ರ ಬಿರುಗಾಳಿ 2003ರ ನಂತರದ ಅತ್ಯಂತ ಪ್ರಬಲವಾದುದು. ಆಗ ಅಮೆರಿಕದಲ್ಲಿ ಜಿಪಿಎಸ್ ನೆರವಿನಿಂದ ಬಿತ್ತುತ್ತಿದ್ದ ಅನೇಕ ರೈತರು ಟ್ರ್ಯಾಕ್ಟರು ನಿಲ್ಲಿಸಬೇಕಾಯಿತು.

ಒಂದು ಚೌಕ ಗುಂಟೆಯ ಬದಿ 33 ಅಡಿ, ಅಂದರೆ ಸುಮಾರು 10 ಮೀಟರ್. ಸೌರ ಚಟುವಟಿಕೆ ಹೆಚ್ಚಿದಾಗ, ತಿದ್ದುಪಡಿಯಿಲ್ಲದ ಸಾಮಾನ್ಯ ಜಿಪಿಎಸ್ ಲೆಕ್ಕಹಾಕುವ ಉಪಗ್ರಹದ ದೂರದಲ್ಲಿ 15 ಮೀಟರಿಗೂ ಮೀರಿದ ದೋಷ ನುಸುಳಬಹುದು. ರೋವರ್ ಉಪಕರಣವು ನೆಲೆಕೇಂದ್ರದ ತಿದ್ದುಪಡಿ ಪಡೆದು ಈ ದೋಷದ ಬಹುಭಾಗವನ್ನು ಕಳೆಯುತ್ತದೆ. ಆದರೆ ಕೇಂದ್ರದ ಮೇಲಿನ ಆಕಾಶವೂ ಹೊಲದ ಮೇಲಿನ ಆಕಾಶವೂ ಒಂದೇ ಸ್ಥಿತಿಯಲ್ಲಿದ್ದರೆ ಮಾತ್ರ ಆ ತಿದ್ದುಪಡಿ ಸರಿಹೊಂದುತ್ತದೆ. ಬಿರುಗಾಳಿಯ ದಿನ ಅದು ಖಚಿತವಲ್ಲ.

ಆದುದರಿಂದ ಮೂರು ಎಚ್ಚರಿಕೆಗಳು ಅವಶ್ಯ. ಅಮೆರಿಕದ ಬಾಹ್ಯಾಕಾಶ ಹವಾಮಾನ ಕೇಂದ್ರವು ಬಿರುಗಾಳಿಗಳನ್ನು ಜಿ1ರಿಂದ ಜಿ5ರವರೆಗೆ ವರ್ಗೀಕರಿಸಿ ಮುನ್ಸೂಚನೆ ನೀಡುತ್ತದೆ. ಜಿ4 ಅಥವಾ ಜಿ5 ಇದ್ದರೆ ಅಳತೆಯನ್ನು ಕೆಲದಿನ ಮುಂದೂಡಬೇಕು. ಉಪಕರಣವು 'ಫಿಕ್ಸ್' ತೋರಿಸದೆ ಮೂಲೆಯ ಬಿಂದುವನ್ನು ದಾಖಲಿಸಬಾರದು. ಹಳೆಯ ಗಡಿಕಲ್ಲಿನೊಡನೆ ತಾಳೆ ನೋಡಿ, ಕೆಲವು ಗಂಟೆಗಳ ನಂತರ ಮತ್ತೊಮ್ಮೆ ಅಳೆಯಬೇಕು. ಖರೀದಿಪತ್ರ ನೋಂದಣಿಯಾದ ಬಳಿಕ ಗಡಿಯ ವ್ಯಾಜ್ಯ ನಡೆಸುವುದಕ್ಕಿಂತ ಮರು ಅಳತೆಯ ವೆಚ್ಚ ಎಷ್ಟೋ ಅಗ್ಗ.