ಲೆಕ್ಕ ಸರಿ ಇತ್ತು, ಗುಮಾಸ್ತ ಮುನಿಸಿಕೊಂಡಿದ್ದ

ಜೆ.ಪಿ. ನಗರದಲ್ಲಿ ಅರವತ್ತು ಮನೆಗಳ ಒಂದು ಅಪಾರ್ಟ್‌ಮೆಂಟ್ ಅಂದ್ಕೊಳ್ಳಿ. ಮೇಂಟೆನೆನ್ಸ್ ಲೆಕ್ಕ ನೋಡಿಕೊಳ್ಳೋರು ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್. ಅವರ ಕಂಪ್ಯೂಟರ್‌ನಲ್ಲಿ ಯಾವತ್ತೋ ಯಾರೋ ಇಂಜಿನಿಯರಿಂಗ್ ಹುಡುಗ ಮಾಡಿಕೊಟ್ಟ ಮೈಕ್ರೋಸಾಫ್ಟ್ ಆಕ್ಸೆಸ್ ಫೈಲ್ ಇದೆ. 304ನೇ ಮನೆಯವರು ದುಡ್ಡು ಕಟ್ಟಿದ್ದಾರೆ, ರಸೀದಿಯೂ ಇದೆ. ಆದ್ರೆ 'ಬಾಕಿ' ಅನ್ನೋದನ್ನು 'ಪಾವತಿ' ಅಂತ ಬದಲಾಯಿಸೋಕೆ ಹೋದ್ರೆ ಪರದೆ ಮೇಲೆ ಒಂದೇ ಮಾತು: 'ಕ್ವೆರಿ ಈಸ್ ಕರಪ್ಟ್'. ಎರರ್ 3340. ಜನರಲ್ ಬಾಡಿ ಮೀಟಿಂಗ್‌ನಲ್ಲಿ ಕಳ್ಳನಾಗೋದು ಯಾರು ಹೇಳಿ?

ಇದು ನಾನು ಕಟ್ಟಿದ ಉದಾಹರಣೆ. ಎರರ್ ಮಾತ್ರ ನಿಜ. 2019ರ ನವೆಂಬರ್ 12ರಂದು ಮೈಕ್ರೋಸಾಫ್ಟ್ ಆಫೀಸ್‌ಗೆ ಭದ್ರತಾ ಅಪ್‌ಡೇಟ್ ಬಿಟ್ಟಿತು. ಆಕ್ಸೆಸ್‌ನಲ್ಲಿ ಮಾಹಿತಿ ಸೋರಿಕೆಯಾಗಬಹುದಾದ ಒಂದು ತೂತು ಮುಚ್ಚೋದು ಅದರ ಕೆಲಸ. ತೂತು ಮುಚ್ಚಿತು, ಜೊತೆಗೆ ಹೊಸ ತೊಂದರೆ ಹುಟ್ಟಿತು. ಆಕ್ಸೆಸ್ 2010ರಿಂದ 2019ರವರೆಗೆ, 365ರಲ್ಲೂ.

ಕ್ವೆರಿ ಅಂದ್ರೆ ಗುಮಾಸ್ತನಿಗೆ ಕೊಡೋ ಚೀಟಿ. 'ಇಂಥ ಟೇಬಲ್‌ನಲ್ಲಿ, ಮನೆ ನಂಬರ್ 304 ಇರೋ ಕಡೆ, ಸ್ಥಿತಿ ಬದಲಿಸು.' ಡಿಬಿಎಂಎಸ್ ಲ್ಯಾಬ್‌ನಲ್ಲಿ ನಾವೆಲ್ಲ ಬರೆದಿದ್ದು ಇಂಥದ್ದೇ 'ಅಪ್‌ಡೇಟ್', 'ವೇರ್' ಚೀಟಿ. ಒಂದೇ ಟೇಬಲ್, ಜೊತೆಗೆ ಒಂದು ಷರತ್ತು ಇದ್ದ ಈ ಸರಳ ಚೀಟಿಯನ್ನೇ ಗುಮಾಸ್ತ 'ಹರಿದಿದೆ' ಅಂತ ವಾಪಸ್ ಕಳಿಸ್ತಿದ್ದ. ಲೆಡ್ಜರ್ ಮಾತ್ರ ಭದ್ರವಾಗಿತ್ತು. 'ಕರಪ್ಟ್' ಅನ್ನೋ ಪದ ನೋಡಿ ಫೈಲ್ ರಿಪೇರಿಗೆ ಕೂತವರಿಗೆ ಏನೂ ಸಿಗಲಿಲ್ಲ, ಕೆಡದೇ ಇರೋದನ್ನ ರಿಪೇರಿ ಮಾಡೋದು ಹೇಗೆ?

ಅಪ್‌ಡೇಟ್ ಕಿತ್ತು ಹಾಕಿದ್ರೆ ಕೆಲಸ ನಡೀತಿತ್ತು, ಆದ್ರೆ ಮುಚ್ಚಿದ ತೂತು ಮತ್ತೆ ತೆರೀತಿತ್ತು. ನಾನಾಗಿದ್ರೆ ಅದನ್ನ ಮಾಡ್ತಿರಲಿಲ್ಲ. ಮೈಕ್ರೋಸಾಫ್ಟೇ ಹೇಳಿದ ಇನ್ನೊಂದು ದಾರಿ ಸ್ವಲ್ಪ ತಮಾಷೆಯಾಗಿದೆ: ಟೇಬಲ್‌ಗೆ ಹೊಸ ಹೆಸರಿಡಿ, ಆ ಟೇಬಲ್‌ನ ಎಲ್ಲ ಮಾಹಿತಿ ತೋರಿಸೋ ಒಂದು ಕ್ವೆರಿ ಮಾಡಿ, ಹಳೇ ಹೆಸರನ್ನ ಅದಕ್ಕೆ ಕೊಡಿ. ಮುನಿಸಿಕೊಂಡ ಗುಮಾಸ್ತನಿಗೆ ಮಧ್ಯೆ ಒಬ್ಬ ದಲ್ಲಾಳಿ ಇದ್ದಂಗೆ! ಚೀಟಿ ಪಾಸಾಗ್ತಿತ್ತು.

ಸರಿಯಾದ ಪ್ಯಾಚ್ ಕೆಲವು ಆವೃತ್ತಿಗಳಿಗೆ ನವೆಂಬರ್‌ನಲ್ಲೇ ಬಂತು, ಉಳಿದವಕ್ಕೆ ಡಿಸೆಂಬರ್‌ವರೆಗೆ ಕಾಯಬೇಕಾಯ್ತು. ಅಷ್ಟರವರೆಗೆ ನಮ್ಮ ಮ್ಯಾನೇಜರ್ ಸಾಹೇಬ್ರು ಲಿಸ್ಟ್ ಪ್ರಿಂಟ್ ತೆಗೆದು, 304ರ ಪಕ್ಕ ಪೆನ್ಸಿಲ್‌ನಲ್ಲಿ ಟಿಕ್ ಹಾಕಿಕೊಂಡೇ ಮೀಟಿಂಗ್‌ಗೆ ಹೋಗಬೇಕಿತ್ತು.