ಹಿಂಗಾರಿ ಹಕ್ಕಿಯ ಹಗೇವು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ರೈತರಿಗೆ ಹಿಂಗಾರಿಯ ಲೆಕ್ಕವನ್ನು ಯಾರೂ ಹೇಳಿಕೊಡಬೇಕಿಲ್ಲ. ಮಳೆಗಾಲದ ನೀರನ್ನು ಎರೆಮಣ್ಣು ಹೊಟ್ಟೆಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿತ್ತಿದ ಬಿಳಿಜೋಳ ಆ ಹಸಿಯನ್ನೇ ಹೀರಿ ಚಳಿಯಲ್ಲಿ ತೆನೆ ಕಟ್ಟುತ್ತದೆ. ಹೆಚ್ಚುಕಡಿಮೆ ಇದೇ ಲೆಕ್ಕದಲ್ಲಿ ಬಾಳುವ ಹಕ್ಕಿಯೊಂದಿದೆ. ನಮ್ಮ ನಾಡಿನದಲ್ಲ, ಆಸ್ಟ್ರೇಲಿಯಾದ್ದು. ಹೆಸರು ಎಮು.

ಉಷ್ಟ್ರಪಕ್ಷಿಯನ್ನು ಬಿಟ್ಟರೆ ಇಷ್ಟು ಎತ್ತರದ ಹಕ್ಕಿ ಇನ್ನೊಂದಿಲ್ಲ. ತಲೆ ಎತ್ತಿ ನಿಂತರೆ ಆರಡಿ ಮುಟ್ಟುತ್ತದೆ. ತೂಕ 30ರಿಂದ 45 ಕಿಲೋ. ರೆಕ್ಕೆ ಗೇಣುದ್ದವೂ ಇಲ್ಲದಷ್ಟು ಚಿಕ್ಕದು, ಹಾರಾಟಕ್ಕೆ ಒದಗದು. ಅದರ ಬಲವೆಲ್ಲ ಮೂರು ಬೆರಳಿನ ಕಾಲಿನಲ್ಲಿ. ಬೆನ್ನಟ್ಟಿದರೆ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಗರಿಗಳೂ ವಿಚಿತ್ರ: ಒಂದೇ ಬುಡದಿಂದ ಎರಡು ದಂಟು ಹೊರಟು ಕೂದಲಿನಂತೆ ಜೋಲುತ್ತವೆ. ಅವುಗಳ ಕಪ್ಪು ತುದಿ ಬಿಸಿಲಿನ ಕಾವನ್ನು ಮೇಲೆಯೇ ತಡೆಯುತ್ತದೆ, ಚರ್ಮದವರೆಗೆ ಬಿಡುವುದಿಲ್ಲ. ಹಾಗಾಗಿ ಸುಡು ಮಧ್ಯಾಹ್ನದಲ್ಲೂ ಎಮು ಮೇಯುತ್ತಿರಬಲ್ಲದು.

ಕಾಡಿನಲ್ಲಿ ಅದಕ್ಕೆ ಸ್ಥಿರವಾದ ಮನೆಯಿಲ್ಲ. ಮಳೆ ಬಿದ್ದ ಕಡೆ ಮೇವು, ಮೇವಿದ್ದ ಕಡೆ ಪಯಣ. ಬೀಜ, ಹಣ್ಣು, ಎಳೆ ಚಿಗುರು, ಕಂಬಳಿಹುಳು ಅದರ ಊಟ. ಹಲ್ಲಿಲ್ಲದ ಕೊರತೆಗೆ ಕಲ್ಲು ನುಂಗುತ್ತದೆ. ಹೊಟ್ಟೆಯೊಳಗಿನ ಆ ಕಲ್ಲುಗಳೇ ಬೀಸುವ ಕಲ್ಲು. 1932ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕ್ಯಾಂಪಿಯನ್ ಸುತ್ತಿನ ಗೋಧಿ ಹೊಲಗಳಿಗೆ ಸುಮಾರು 20,000 ಎಮುಗಳು ನುಗ್ಗಿದಾಗ ಸರ್ಕಾರ ಮಷಿನ್‌ಗನ್ ಕೊಟ್ಟು ಸೈನಿಕರನ್ನೇ ಕಳಿಸಿತು. ಗುಂಡಿನ ಸದ್ದಿಗೆ ಹಕ್ಕಿಗಳು ಚದುರಿ ಓಡಿದವು. ಕೊನೆಗೆ ಸೋತು ಮರಳಿದವರು ಸೈನಿಕರೇ.

ಈಗ ಹಿಂಗಾರಿಯ ಮಾತಿಗೆ ಬರೋಣ. ಹಗಲು ಚಿಕ್ಕದಾಗತೊಡಗಿದರೆ ಎಮುವಿನ ಮೈಯಲ್ಲಿ ಸಂತಾನದ ಕಾಲ ತೆರೆಯುತ್ತದೆ. ಆಸ್ಟ್ರೇಲಿಯಾದಲ್ಲಿ ಚಳಿಗಾಲ ಕಾಲಿಡುವುದು ಏಪ್ರಿಲ್-ಜೂನ್ ವೇಳೆಗೆ, ಮೊಟ್ಟೆಯೂ ಆಗಲೇ. ಭಾರತಕ್ಕೆ ತಂದ ಎಮುಗಳು ಇಲ್ಲಿಯ ಸೂರ್ಯನನ್ನು ನೋಡಿ ಪಂಚಾಂಗ ತಿದ್ದಿಕೊಂಡವು. ನಮ್ಮಲ್ಲಿ ಅವು ಮೊಟ್ಟೆ ಇಡುವುದು ಅಕ್ಟೋಬರಿನಿಂದ ಮಾರ್ಚ್ ತನಕ. ಜೋಳ ಹೊಲದಲ್ಲಿರುವಷ್ಟು ದಿನ.

ಹೆಣ್ಣಿನ ಕೊರಳಲ್ಲಿ ಶ್ವಾಸನಾಳಕ್ಕೆ ಹೊಂದಿಕೊಂಡ ಗಾಳಿಚೀಲವಿದೆ. ಅದನ್ನು ಉಬ್ಬಿಸಿ ದೂರದಲ್ಲೆಲ್ಲೋ ಡೊಳ್ಳು ಬಡಿದಂತೆ ಗುಡುಗುತ್ತದೆ. ಗಂಡಿನದು ಬರೀ ಗೊರಗುಟ್ಟುವ ದನಿ. ಮೂರು ದಿನಕ್ಕೊಂದರಂತೆ ಕಡುಹಸಿರು ಬಣ್ಣದ, ಅರ್ಧ ಕಿಲೋ ಮೀರಿದ ಮೊಟ್ಟೆಗಳನ್ನಿಟ್ಟು ಹೆಣ್ಣು ತನ್ನ ದಾರಿ ಹಿಡಿಯಬಹುದು, ಬೇರೆ ಗಂಡನ್ನೂ ಕೂಡಬಹುದು. ಕಾವು ಕೂರುವುದು ಗಂಡು, ಸುಮಾರು 56 ದಿನ. ಅಷ್ಟು ದಿನವೂ ಮೇವಿಗೆ ಹೋಗುವುದಿಲ್ಲ, ನೀರಿಗೂ ಹೋಗುವುದಿಲ್ಲ. ದಿನಕ್ಕೆ ಹತ್ತು ಸಲದಷ್ಟು ಏಳುತ್ತದೆ, ಮೊಟ್ಟೆ ಹೊರಳಿಸುವುದಕ್ಕೆ ಮಾತ್ರ. ಮೈ ತೂಕದ ಮೂರನೇ ಒಂದು ಪಾಲಿನವರೆಗೂ ಕರಗಿಹೋಗುತ್ತದೆ. ಪಟ್ಟೆಪಟ್ಟೆಯ ಮರಿಗಳು ಹೊರಬಂದ ಮೇಲೂ ತಿಂಗಳುಗಟ್ಟಲೆ ಅವುಗಳ ಕಾವಲು ತಂದೆಯದೇ.

ಈ ಉಪವಾಸಕ್ಕೆ ಬಂಡವಾಳ ಎಲ್ಲಿಂದ? ಮೇವು ಹೇರಳವಾಗಿದ್ದಾಗ ಮೈಯಲ್ಲಿ ಕೂಡಿಟ್ಟ ಕೊಬ್ಬಿನಿಂದ. ನಮ್ಮ ಹಿರಿಯರು ನೆಲದಡಿ ಹಗೇವು ತೋಡಿ ಜೋಳ ತುಂಬಿ ಬರದ ವರ್ಷಕ್ಕೆಂದು ಮುಚ್ಚಿಡುತ್ತಿದ್ದರಲ್ಲ, ಹಾಗೆ. ಎಮುವಿನ ಹಗೇವು ಅದರ ಮೈಯೊಳಗೇ ಇದೆ.

ಆ ಹಗೇವಿನ ಮೇಲೆಯೇ ಮನುಷ್ಯನ ಕಣ್ಣು ಬಿತ್ತು. ಎಣ್ಣೆ, ಮಾಂಸ, ಚರ್ಮ, ಎಲ್ಲಕ್ಕೂ ಬೆಲೆ ಎಂಬ ಮಾತು ಕೇಳಿ ದಕ್ಷಿಣ ಭಾರತದ ಅನೇಕರು ಎಮು ಸಾಕಿದರು. ತಮಿಳುನಾಡಿನ ಪೆರುಂದುರೈಯ ಸುಸಿ ಎಮು ಫಾರ್ಮ್ಸ್ ಠೇವಣಿ ಪಡೆದು ಮರಿ ಕೊಟ್ಟು ತಿಂಗಳು ತಿಂಗಳು ಹಣದ ಭರವಸೆಯನ್ನೂ ಕೊಟ್ಟಿತ್ತು. 2012ರಲ್ಲಿ ಅದು ಕುಸಿದಾಗ ಸಾವಿರಾರು ಜನ ದುಡ್ಡು ಕಳೆದುಕೊಂಡರು, ದೊಡ್ಡಿಗಳಲ್ಲಿ ಹಕ್ಕಿಗಳು ಹಸಿದವು. ಎಮು ವರ್ಷವಿಡೀ ಮೊಟ್ಟೆಯಿಡುವ ಫಾರಂ ಕೋಳಿಯಲ್ಲ. ಮೊದಲ ಮೊಟ್ಟೆಗೇ ಒಂದೂವರೆ-ಎರಡು ವರ್ಷ ಕಾಯಬೇಕು, ಆಮೇಲೂ ಚಳಿಗಾಲಕ್ಕಷ್ಟೇ. ತಿನ್ನುವ ಗಿರಾಕಿಯಿಲ್ಲದೆ, ಸಾಕುವವರು ಸಾಕುವವರಿಗೇ ಮರಿ ಮಾರುವ ವ್ಯಾಪಾರ ಎಷ್ಟು ದಿನ ನಡೆದೀತು? ಹಿಂಗಾರಿ ಬೆಳೆಯ ರಾಶಿಯನ್ನು ತಿಂಗಳಿಗೊಮ್ಮೆ ಕೇಳಿದಂತಾಯಿತು.

ಈಗ ಎಮು ನೋಡಲು ಮೈಸೂರಿನ ಚಾಮರಾಜೇಂದ್ರ ಮೃಗಾಲಯಕ್ಕೆ ಹೋಗಬಹುದು. ಅದು ಕುತೂಹಲದ ಹಕ್ಕಿ, ಬೇಲಿಯವರೆಗೂ ಬಂದು ನಿಮ್ಮನ್ನೇ ನೋಡುತ್ತದೆ. ಹೊಳೆಯುವ ನಾಣ್ಯ, ಕೀಲಿಕೈ ಕಂಡರೆ ಕಲ್ಲಿನಂತೆ ನುಂಗಿಬಿಡುತ್ತದೆ, ಏನನ್ನೂ ಎಸೆಯಬೇಡಿ. ಚಳಿಗಾಲದಲ್ಲಿ ಎಲ್ಲಾದರೂ ಗಂಡು ಎಮುವೊಂದು ನೆಲಕ್ಕೆ ಒತ್ತಿ ಕೂತಿರುವುದು ಕಂಡರೆ ಎಬ್ಬಿಸಲು ಕೂಗಲೂ ಬೇಡಿ. ಅದರ ಹಗೇವು ಆಗ ದಿನದಿನವೂ ಬರಿದಾಗುತ್ತಿರುತ್ತದೆ.