ಕಂಪನಯಂತ್ರಗಳಲ್ಲಿ ಶಬ್ದನಿಗ್ರಹ

ವಿದ್ಯುಚ್ಛಕ್ತಿಯ ಇತಿಹಾಸವನ್ನು ಬರೆಯುವವರ ದೃಷ್ಟಿ ಸಾಮಾನ್ಯವಾಗಿ ದೊಡ್ಡ ಯಂತ್ರಗಳ ಮೇಲೆಯೇ ನೆಟ್ಟಿರುತ್ತದೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುತ್ತು ೧೯೦೨ರಲ್ಲಿ ಸುಮಾರು ೧೪೮ ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿದುದನ್ನೂ, ೧೯೦೫ರಲ್ಲಿ ಬೆಂಗಳೂರಿನಲ್ಲಿ ವಿದ್ಯುದ್ದೀಪಗಳು ಬೆಳಗಿದುದನ್ನೂ ನಮ್ಮ ಗ್ರಂಥಗಳು ತಪ್ಪದೆ ಹೇಳುತ್ತವೆ. ಅದೇ ಶಕ್ತಿ ಕಾಲಕ್ರಮದಲ್ಲಿ ಹೆಬ್ಬೆರಳಿನ ಗಾತ್ರದ ಮೋಟಾರಾಗಿ ಮನೆಯೊಳಗೆ ಬಂದು, ಕೊನೆಗೆ ಮೈಗೆ ತಾಗುವಷ್ಟು ಸಮೀಪವಾದ ಕಥೆಗೆ ಅಷ್ಟು ಗಮನ ಸಂದಿಲ್ಲ. ಗಣಿಯ ಮೋಟಾರು ಗದ್ದಲ ಮಾಡಿದರೆ ಅದು ಕೆಲಸದ ಗದ್ದಲ. ಮೈಮೇಲೆ ಇಟ್ಟುಕೊಳ್ಳುವ ಯಂತ್ರ ಗದ್ದಲ ಮಾಡಿದರೆ ಬಳಸುವವರ ಏಕಾಂತವೇ ಗೋಡೆಯಾಚೆಗೆ ಪ್ರಕಟವಾಗುತ್ತದೆ. ಆದುದರಿಂದ ಇಲ್ಲಿ ಸದ್ದನ್ನು ತಗ್ಗಿಸುವುದು ಬರಿಯ ಸೌಖ್ಯದ ಪ್ರಶ್ನೆಯಲ್ಲ, ಮರ್ಯಾದೆಯ ಪ್ರಶ್ನೆ. ಅದನ್ನು ಎಂಜಿನಿಯರುಗಳು ಹೇಗೆ ಸಾಧಿಸುತ್ತಾರೆಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ವೈಯಕ್ತಿಕ ಕಂಪನಯಂತ್ರವೆಂದರೆ ನೋಯುವ ಸ್ನಾಯುಗಳನ್ನು ಸಡಿಲಿಸುವ ಅಂಗಮರ್ದನ ಯಂತ್ರವೂ ಹೌದು, ಕಾಮಸುಖಕ್ಕಾಗಿ ಏಕಾಂತದಲ್ಲಿ ಬಳಸುವ ಉಪಕರಣವೂ ಹೌದು. ಎರಡರ ಯಂತ್ರತತ್ತ್ವವೂ ಒಂದೇ.

೧. ಪೂರ್ವೇತಿಹಾಸ

೧೮೮೦ರ ದಶಕದಲ್ಲಿ ಇಂಗ್ಲೆಂಡಿನ ವೈದ್ಯ ಜೋಸೆಫ್ ಮಾರ್ಟಿಮರ್ ಗ್ರಾನ್‌ವಿಲ್ ವಿದ್ಯುತ್ಕೋಶಗಳಿಂದ ನಡೆಯುವ ಕಂಪನಯಂತ್ರವೊಂದನ್ನು ನರ ಮತ್ತು ಸ್ನಾಯುಗಳ ಬೇನೆಗಾಗಿ ಬಳಕೆಗೆ ತಂದನು. ೧೯೧೮ರ ಹೊತ್ತಿಗೆ ಅಮೆರಿಕೆಯ ಸಿಯರ್ಸ್ ರೋಬಕ್ ಅಂಗಡಿಯ ಕ್ಯಾಟಲಾಗಿನಲ್ಲಿ ಒಂದೇ ಗೃಹಮೋಟಾರಿಗೆ ಬೆಣ್ಣೆ ಕಡೆಯುವ, ಅರೆಯುವ, ಗಾಳಿ ಬೀಸುವ ಉಪಾಂಗಗಳ ಜೊತೆಗೆ ಕಂಪನದ ಉಪಾಂಗವೂ ಸೇರಿತ್ತು. ಜಾಹೀರಾತುಗಳು ಆರೋಗ್ಯದ ಮಾತನ್ನಾಡಿದುವು. ಉಳಿದ ಉಪಯೋಗಗಳನ್ನು ಕುರಿತು ಮೌನ ವಹಿಸಿದುವು.

ಮೌನವಿದ್ದ ಕಡೆ ಊಹೆ ಬೆಳೆಯುವುದು ಸಹಜ. ವೈದ್ಯರು ಸ್ತ್ರೀಯರ ಉನ್ಮಾದರೋಗಕ್ಕೆ ಈ ಯಂತ್ರದಿಂದ ಚಿಕಿತ್ಸೆ ಮಾಡುತ್ತಿದ್ದರೆಂಬ ವಾದವನ್ನು ರೇಚಲ್ ಮೇನ್ಸ್ ೧೯೯೯ರ ತಮ್ಮ ಗ್ರಂಥದಲ್ಲಿ ಮಂಡಿಸಿದರು; ಅದು ನಾಟಕ ಚಲನಚಿತ್ರಗಳಿಗೂ ಹರಡಿತು. ಹ್ಯಾಲಿ ಲೀಬರ್‌ಮನ್ ಮತ್ತು ಎರಿಕ್ ಶಾಟ್ಸ್‌ಬರ್ಗ್ ಎಂಬ ವಿದ್ವಾಂಸರು ಆಕೆ ಉಲ್ಲೇಖಿಸಿದ ಆಧಾರಗಳನ್ನು ಮತ್ತೆ ಪರಿಶೀಲಿಸಿ, ಅವು ಆ ವಾದವನ್ನು ಸಮರ್ಥಿಸುವುದಿಲ್ಲವೆಂದು ೧೯೧೮ಕ್ಕೆ ಸರಿಯಾಗಿ ನೂರು ವರ್ಷಗಳ ಬಳಿಕ, ೨೦೧೮ರಲ್ಲಿ, ತೋರಿಸಿದರು. ಸಂಕೋಚದ ವಿಷಯವೆಂದು ಆಧಾರಗಳ ಪರೀಕ್ಷೆಯನ್ನು ಸಡಿಲಿಸಬಾರದೆಂಬುದು ಇದರಿಂದ ಸ್ಪಷ್ಟ.

೨. ಸದ್ದಿನ ಮೂಲ

ಸಾಮಾನ್ಯ ಮೋಟಾರಿನಲ್ಲಿ ತೂಕದ ಅಸಮತೆ ದೋಷ. ಇಲ್ಲಿ ಅದೇ ಉದ್ದೇಶ. ಮೋಟಾರಿನ ಅಚ್ಚಿಗೆ ಒಂದು ಪಕ್ಕಕ್ಕೆ ವಾಲಿದ ಲೋಹದ ತುಂಡನ್ನು ಸೇರಿಸಿರುತ್ತಾರೆ. ಅಚ್ಚು ತಿರುಗಿದಾಗ ಆ ತುಂಡು ಇಡೀ ಯಂತ್ರವನ್ನು ಅತ್ತಿತ್ತ ಎಳೆಯುತ್ತದೆ. ಈ ಎಳೆತದ ಬಲ ವೇಗದ ವರ್ಗವನ್ನು ಅನುಸರಿಸುತ್ತದೆ: ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ನಿಮಿಷಕ್ಕೆ ೬೦೦೦ ಸುತ್ತು ತಿರುಗುವ ಮೋಟಾರು ಸೆಕೆಂಡಿಗೆ ೧೦೦ ಕಂಪನಗಳನ್ನು, ಎಂದರೆ ೧೦೦ ಹರ್ಟ್ಸ್ ಆವೃತ್ತಿಯನ್ನು, ಉಂಟುಮಾಡುತ್ತದೆ.

ಇಲ್ಲಿ ಪ್ರಕೃತಿ ಎಂಜಿನಿಯರಿಗೆ ಒಂದು ಅನುಕೂಲವನ್ನು ಒದಗಿಸಿದೆ. ಚರ್ಮದ ಆಳದಲ್ಲಿರುವ ಪಚಿನಿ ಕಣಗಳೆಂಬ ಸ್ಪರ್ಶಗ್ರಾಹಕಗಳು ೨೦೦ರಿಂದ ೩೦೦ ಹರ್ಟ್ಸ್ ಆಸುಪಾಸಿನ ಕಂಪನವನ್ನು ಅತ್ಯಂತ ಸೂಕ್ಷ್ಮವಾಗಿ ಗ್ರಹಿಸುತ್ತವೆ. ಕಿವಿ ಚುರುಕಾಗಿರುವುದು ೨೦೦೦ದಿಂದ ೫೦೦೦ ಹರ್ಟ್ಸ್ ಮಧ್ಯೆ. ಕಿವಿಯ ಈ ಸ್ವಭಾವಕ್ಕೆ ತಕ್ಕಂತೆ, ಧ್ವನಿಮಾಪಕಗಳ ರೂಢಿಯ ಗಣನೆಯಲ್ಲಿ ೧೦೦ ಹರ್ಟ್ಸ್ ಸ್ವರವನ್ನು ೧೦೦೦ ಹರ್ಟ್ಸ್ ಸ್ವರಕ್ಕಿಂತ ಸುಮಾರು ೧೯ ಡೆಸಿಬೆಲ್ ಕಡಿಮೆಯಾಗಿ ಎಣಿಸುತ್ತಾರೆ. ಎಂದರೆ ಮೈಗೆ ಬೇಕಾದ ಕಂಪನವೇ ಬೇರೆ, ಕಿವಿಯನ್ನು ಕೊರೆಯುವ ಸದ್ದೇ ಬೇರೆ. ಆ ಸದ್ದು ಹುಟ್ಟುವುದು ತಾಮ್ರದ ಕಮ್ಯುಟೇಟರಿನ ಮೇಲೆ ಬ್ರಷ್ಷುಗಳು ಉಜ್ಜುವುದರಿಂದ, ಹಲ್ಲುಚಕ್ರಗಳ ತಾಕಲಾಟದಿಂದ, ಸಡಿಲವಾದ ಬೇರಿಂಗಿನಿಂದ ಮತ್ತು ಕವಚದ ಹೋಳುಗಳು ಒಂದನ್ನೊಂದು ಬಡಿಯುವುದರಿಂದ. ಒಂದನ್ನು ಉಳಿಸಿ ಇನ್ನೊಂದನ್ನು ಅಡಗಿಸಬಹುದೆಂಬುದೇ ಈ ಶಾಸ್ತ್ರದ ಆಧಾರ.

೩. ನಿಗ್ರಹದ ಮಾರ್ಗಗಳು

ಮೊದಲನೆಯದು ಮೂಲದಲ್ಲಿಯೇ ತಡೆಯುವುದು. ಬ್ರಷ್ಷುಗಳಿಲ್ಲದ ಮೋಟಾರಿನಲ್ಲಿ ಕಮ್ಯುಟೇಟರಿನ ಕೆಲಸವನ್ನು ಎಲೆಕ್ಟ್ರಾನಿಕ್ ಮಂಡಲ ಮಾಡುವುದರಿಂದ ಉಜ್ಜಾಟದ ಸದ್ದು ಇಲ್ಲವಾಗುತ್ತದೆ. ವಿದ್ಯುತ್ತನ್ನು ತಟಕ್ಕನೆ ಬದಲಿಸದೆ ಅಲೆಯಂತೆ ಏರಿಳಿಸಿದರೆ ತಿರುಗುವಿಕೆ ನಯವಾಗುತ್ತದೆ. ಮಂಡಲದ ಸ್ವಿಚ್ಚಿನ ಆವೃತ್ತಿಯನ್ನು ೨೦,೦೦೦ ಹರ್ಟ್ಸ್‌ಗಿಂತ ಮೇಲಿಟ್ಟರೆ ಅದರ ಕೀರಲು ಕಿವಿಗೆ ನಿಲುಕುವುದಿಲ್ಲ. ತೂಕದ ತುಂಡನ್ನು ದೊಡ್ಡದು ಮಾಡಿ ವೇಗವನ್ನು ತಗ್ಗಿಸುವುದು ಇನ್ನೊಂದು ಉಪಾಯ. ಆದರೆ ವೇಗ ಅರ್ಧವಾದರೆ, ಅದೇ ಬಲಕ್ಕೆ ತುಂಡಿನ ತೂಕ ನಾಲ್ಕು ಪಟ್ಟಾಗಬೇಕು; ಬೇರಿಂಗಿನ ಅಚ್ಚುಕಟ್ಟೂ ಅದಕ್ಕೆ ತಕ್ಕಂತಿರಬೇಕು. ಸ್ಪ್ರಿಂಗಿಗೆ ಕಟ್ಟಿದ ಅಯಸ್ಕಾಂತವನ್ನು ಸುರುಳಿಯಿಂದ ಹಿಂದೆ ಮುಂದೆ ಓಡಾಡಿಸುವ ಯಂತ್ರಗಳೂ ಇವೆ. ಅವುಗಳಲ್ಲಿ ಬ್ರಷ್ಷೂ ಇಲ್ಲ, ತಿರುಗುವ ಅಚ್ಚೂ ಇಲ್ಲ. ಆದರೆ ಅವು ಒಂದು ನಿಯತ ಆವೃತ್ತಿಯ ಆಸುಪಾಸಿನಲ್ಲಿ ಮಾತ್ರ ಬಲವಾಗಿ ಮಿಡಿಯುತ್ತವೆ.

ಎರಡನೆಯದು ದಾರಿಯಲ್ಲಿ ತಡೆಯುವುದು. ವೀಣೆಯ ತಂತಿಯೊಂದನ್ನೇ ಬಿಗಿದು ಮೀಟಿದರೆ ನಾದ ಕ್ಷೀಣ. ಕೊಡ ಅದರೊಡನೆ ಸ್ಪಂದಿಸಿದಾಗ ಸಭೆ ತುಂಬುತ್ತದೆ. ಕಂಪನಯಂತ್ರದ ಟೊಳ್ಳು ಕವಚ ಬೇಡದ ಕೊಡವಾಗುತ್ತದೆ. ಮಂಚದ ಹಲಗೆಗೆ ತಾಗಿದರೆ ಹಲಗೆಯೂ ಕೊಡವಾಗುತ್ತದೆ. ಆದುದರಿಂದ ಮೋಟಾರನ್ನು ಮೈಗೆ ತಾಗುವ ಭಾಗಕ್ಕೆ ಬಿಗಿಯಾಗಿಯೂ ಹಿಡಿಕೆಗೆ ಮೆದುವಾದ ರಬ್ಬರಿನ ಮೂಲಕವೂ ಜೋಡಿಸುತ್ತಾರೆ. ಎಲ್ಲ ಕಡೆಯೂ ಮೆದುವಾದರೆ ಸದ್ದಿನೊಡನೆ ಪ್ರಯೋಜನವೂ ಅಡಗಿಹೋಗುತ್ತದೆ.

ಮೂರನೆಯದು ಹೊರಮೈಯಲ್ಲಿ ತಡೆಯುವುದು. ಕವಚದ ಸಹಜ ಆವೃತ್ತಿ ಮೋಟಾರಿನ ಆವೃತ್ತಿಯೊಡನೆ ಕೂಡದಂತೆ ಅದರ ದಪ್ಪವನ್ನೂ ಆಕಾರವನ್ನೂ ನಿರ್ಣಯಿಸಿ, ಒಳಗಿನ ಟೊಳ್ಳನ್ನು ಕಡಿಮೆ ಮಾಡಿ, ಮೇಲೆ ಸಿಲಿಕೋನಿನ ಹೊದಿಕೆ ಹಾಕುತ್ತಾರೆ. ಮೂಲವನ್ನು ತಿದ್ದದೆ ಹೊದಿಕೆಯೊಂದನ್ನೇ ದಪ್ಪ ಮಾಡಿದರೆ ಹೆಚ್ಚಿನ ಫಲವಿಲ್ಲ. ಏಕೆಂದರೆ ತಗ್ಗು ಆವೃತ್ತಿಯ ಸದ್ದು ಹೊದಿಕೆಯನ್ನೂ ಗೋಡೆಯನ್ನೂ ಹೆಚ್ಚು ಸುಲಭವಾಗಿ ದಾಟುತ್ತದೆ.

೪. ಅಳತೆ ಮತ್ತು ಏಕಾಂತ

ಇಂಥ ಯಂತ್ರಗಳ ಜಾಹೀರಾತಿನಲ್ಲಿ ಇಂತಿಷ್ಟು ಡೆಸಿಬೆಲ್ ಎಂಬ ಅಂಕವನ್ನು ಕಂಡಾಗ, ಶಾಸನವೊಂದನ್ನು ಪರೀಕ್ಷಿಸುವಂತೆಯೇ ಅದನ್ನೂ ಪರೀಕ್ಷಿಸಬೇಕು. ಅಳೆದದ್ದು ಎಷ್ಟು ದೂರದಿಂದ? ಯಾವ ವೇಗದಲ್ಲಿ? ಕೈಯಲ್ಲಿ ಹಿಡಿದೋ, ಮೇಜಿನ ಮೇಲಿಟ್ಟೋ? ಧ್ವನಿಶಕ್ತಿ ಹತ್ತು ಪಟ್ಟಾದರೆ ಅಂಕ ೧೦ ಏರುತ್ತದೆ. ಕಿವಿಗೆ ಅದು ಸುಮಾರು ಎರಡು ಪಟ್ಟೆಂದು ತೋರುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಅಂಕ ಸುಮಾರು ೬ ಇಳಿಯುತ್ತದೆ. ಹೀಗಾಗಿ ಕಾಲು ಮೀಟರಿನಲ್ಲಿ ೫೨ ಇರುವ ಯಂತ್ರವನ್ನು ಒಂದು ಮೀಟರಿನಲ್ಲಿ ಅಳೆದು ೪೦ ಎಂದು ಹೇಳಬಹುದು. ಎರಡೂ ಸುಳ್ಳಲ್ಲ, ದೂರವನ್ನು ಹೇಳದಿದ್ದರೆ ಎರಡೂ ನಿರರ್ಥಕ.

ಇಷ್ಟು ಎಚ್ಚರ ಏಕೆ ಬೇಕೆಂಬುದಕ್ಕೆ ನಮ್ಮ ನಾಡಿನ ಹೆಸರಿನೊಡನೆ ಸೇರಿದ ನಿದರ್ಶನವೊಂದಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ೨೦೧೭ರ ಆಗಸ್ಟ್ ೨೪ರಂದು ಏಕಮತದಿಂದ ತೀರ್ಪಿತ್ತಿತು. ಆ ತೀರ್ಪು ಮೋಟಾರುಗಳನ್ನು ಕುರಿತದ್ದಲ್ಲವೆಂಬುದು ನಿಜ. ಆದರೆ ನ್ಯಾಯಾಲಯ ಕೊಟ್ಟ ಹಕ್ಕು ಮಂಡ್ಯದ ಗುತ್ತಲಿನಂಥ ಕಡೆಯಲ್ಲಿ, ಒಂದೇ ಗೋಡೆಯನ್ನು ಎರಡು ಸಂಸಾರಗಳು ಹಂಚಿಕೊಂಡ ಮನೆಯಲ್ಲಿ, ಅನುಭವಕ್ಕೆ ಬರಬೇಕಾದರೆ ಗೋಡೆ, ಬಾಗಿಲು, ಯಂತ್ರ ಮೂರೂ ಸಹಕರಿಸಬೇಕು. ಪ್ರತ್ಯೇಕ ಕೋಣೆಯಿರುವವರಿಗೆ ನಿಶ್ಶಬ್ದ ಯಂತ್ರ ಒಂದು ಹೆಚ್ಚಿನ ಅನುಕೂಲ ಮಾತ್ರ. ಅದಿಲ್ಲದವರಿಗೆ ಅದೇ ಏಕಾಂತ. ಅಗ್ಗದ ಬೆಲೆಯ ಯಂತ್ರಗಳಲ್ಲಿ ಮೊದಲು ಕೈಬಿಡುವುದು ಒಳ್ಳೆಯ ಬೇರಿಂಗು, ಬ್ರಷ್ಷಿಲ್ಲದ ಮೋಟಾರುಗಳನ್ನೇ ಆದುದರಿಂದ, ಅವುಗಳ ಅಗತ್ಯ ಹೆಚ್ಚಾಗಿರುವವರಿಗೇ ಅವು ದೊರೆಯುವುದು ಕಷ್ಟವಾಗಿದೆ. ವಿದ್ಯುತ್ತಿನ ಸಾಮಾಜಿಕ ಇತಿಹಾಸವನ್ನು ಅಭ್ಯಾಸಮಾಡುವ ವಿದ್ಯಾರ್ಥಿಗಳು ಈ ಅಂಶವನ್ನು ಗಮನದಲ್ಲಿಡುವುದು ಉಚಿತ.